ನ್ಯೂತೋ ಒನ್ಸೆನ್‌ಕ್ಯೋ

ನ್ಯೂತೋ ಒನ್ಸೆನ್‌ಕ್ಯೋ ಜಪಾನಿನ ಹೊನ್ಶು ದ್ವೀಪದ ಉತ್ತರ ಭಾಗದಲ್ಲಿರುವ ಬಿಸಿನೀರಿನ ಬುಗ್ಗೆಗಳ ಪ್ರದೇಶ. ಇದು ಅಕಿತಾ ಪ್ರಾಂತ್ಯದ ಸೆಂಬೊಕು ನಗರದ ಆಡಳಿತ ವ್ಯಾಪ್ತಿಗೆ ಸೇರಿದ್ದು, ತೊವಾಡಾ–ಹಚಿಮಂತಾಯ್ ರಾಷ್ಟ್ರೀಯ ಉದ್ಯಾನದ ಒಳಗಿದೆ. ನ್ಯೂತೋ ಪರ್ವತದ ತಪ್ಪಲಿನ ಬೀಚ್ ಮರಗಳ ಕಾಡಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 600ರಿಂದ 800 ಮೀಟರ್ ಎತ್ತರದಲ್ಲಿ ಹರಡಿಕೊಂಡಿರುವ ಏಳು ವಸತಿಗೃಹಗಳನ್ನು ಒಟ್ಟಾಗಿ ಈ ಹೆಸರಿನಿಂದ ಕರೆಯಲಾಗುತ್ತದೆ. ಪ್ರತಿಯೊಂದು ವಸತಿಗೃಹವೂ ತನ್ನದೇ ಆದ ಬುಗ್ಗೆಯ ನೀರನ್ನು ಬಳಸುತ್ತದೆ. ಹೀಗಾಗಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಹಾಲಿನಂತೆ ಬಿಳಿಯಾದ, ಕಂದು ಬಣ್ಣದ, ಬೂದು ಛಾಯೆಯ ಹಾಗೂ ಪೂರ್ಣ ತಿಳಿಯಾದ ನೀರಿನ ಕೊಳಗಳು ಕಾಣಸಿಗುತ್ತವೆ.

ಈ ಪ್ರದೇಶ ಜಪಾನಿನ ಅತಿ ಹೆಚ್ಚು ಹಿಮ ಬೀಳುವ ಭಾಗಗಳಲ್ಲಿ ಒಂದು. ಪಂಚಾಂಗದ ಪ್ರಕಾರ ವಸಂತ ಆರಂಭವಾಗುವ ಮಾರ್ಚ್ ತಿಂಗಳಿನಲ್ಲಿಯೂ ಇಲ್ಲಿ ಚಳಿಗಾಲವೇ ಮುಂದುವರಿದಿರುತ್ತದೆ; ಏಪ್ರಿಲ್ ಕೊನೆಯವರೆಗೂ ಕಾಡಿನ ನೆಲ ಹಿಮದಡಿಯಲ್ಲಿಯೇ ಇರುತ್ತದೆ. ಹಿಮದ ಗೋಡೆಗಳ ನಡುವೆ ಬಯಲು ಕೊಳದಲ್ಲಿ ಮೀಯುವ ಅನುಭವಕ್ಕಾಗಿ ಈ ಅವಧಿಯಲ್ಲಿ ಪ್ರವಾಸಿಗರು ಬರುತ್ತಾರೆ. ಅದೇ ಅವಧಿಯಲ್ಲಿ ಹಿಮಕುಸಿತ ಹಾಗೂ ವಿಷಾನಿಲದ ಅಪಾಯವೂ ಹೆಚ್ಚಾಗಿರುತ್ತದೆ.

ಹೆಸರು

ಜಪಾನೀ ಭಾಷೆಯಲ್ಲಿ ‘ಒನ್ಸೆನ್’ ಎಂದರೆ ಬಿಸಿನೀರಿನ ಬುಗ್ಗೆ. ‘ಕ್ಯೋ’ ಎಂದರೆ ಊರು, ನಾಡು. ‘ನ್ಯೂತೋ’ ಎಂಬುದಕ್ಕೆ ಮೊಲೆಯ ತೊಟ್ಟು ಎಂದು ಅರ್ಥ. ಅಕಿತಾ ಕಡೆಯಿಂದ ನೋಡಿದಾಗ 1,478 ಮೀಟರ್ ಎತ್ತರದ ಪರ್ವತದ ತುದಿ ಆ ಆಕಾರದಲ್ಲಿ ಕಾಣುವುದರಿಂದ ಈ ಹೆಸರು ಬಂದಿದೆ. ಅದೇ ಪರ್ವತವನ್ನು ಪೂರ್ವಕ್ಕಿರುವ ಇವಾತೆ ಪ್ರಾಂತ್ಯದ ಜನರು ‘ಎಬೋಶಿ–ದಾಕೆ’ ಎಂದು ಕರೆಯುತ್ತಾರೆ. ಎಬೋಶಿ ಎಂಬುದು ಹಿಂದಿನ ಕಾಲದ ಆಸ್ಥಾನಿಕರು ಧರಿಸುತ್ತಿದ್ದ ಎತ್ತರದ ಟೋಪಿ. ಎರಡು ಪ್ರಾಂತ್ಯಗಳ ಗಡಿಯಲ್ಲಿರುವ ಒಂದೇ ಶಿಖರ ಎರಡು ಕಡೆಯವರಿಗೆ ಎರಡು ಬಗೆಯಾಗಿ ಕಂಡಿದೆ.

ಭೂಗೋಳ ಮತ್ತು ಹವಾಮಾನ

ಹೊನ್ಶು ದ್ವೀಪದ ಉತ್ತರಾರ್ಧದಲ್ಲಿ ಓಉ ಪರ್ವತಶ್ರೇಣಿಯು ಬೆನ್ನೆಲುಬಿನಂತೆ ಉತ್ತರ–ದಕ್ಷಿಣವಾಗಿ ಸಾಗುತ್ತದೆ. ಈ ಶ್ರೇಣಿಯ ಬಹುಪಾಲು ಶಿಖರಗಳು ಜ್ವಾಲಾಮುಖಿಗಳು. ನ್ಯೂತೋ ಪರ್ವತದ ದಕ್ಷಿಣಕ್ಕಿರುವ ಅಕಿತಾ–ಕೊಮಾಗತಾಕೆ (1,637 ಮೀಟರ್) ಸಕ್ರಿಯ ಜ್ವಾಲಾಮುಖಿಯಾಗಿದ್ದು, ಅದು ಕೊನೆಯ ಬಾರಿಗೆ ಲಾವಾ ಉಗುಳಿದ್ದು 1970–71ರಲ್ಲಿ. ಮಳೆ ಹಾಗೂ ಕರಗಿದ ಹಿಮದ ನೀರು ಬಂಡೆಗಳ ಬಿರುಕುಗಳ ಮೂಲಕ ಆಳಕ್ಕೆ ಇಳಿದು, ಅಲ್ಲಿನ ಶಾಖದಿಂದ ಕಾದು, ಜ್ವಾಲಾಮುಖಿ ಅನಿಲಗಳನ್ನೂ ಖನಿಜಗಳನ್ನೂ ಕರಗಿಸಿಕೊಂಡು ಮೇಲಕ್ಕೆ ಬರುತ್ತದೆ. ವಸತಿಗೃಹಗಳ ಪೈಕಿ ಹೆಚ್ಚಿನವು ಸೆಂದಾತ್ಸು ಎಂಬ ಹೊಳೆಯ ಮೇಲ್ಭಾಗದ ಕಣಿವೆಯಲ್ಲಿವೆ. ಈ ಹೊಳೆ ಮುಂದೆ ತಮಗಾವಾ ನದಿಯನ್ನು ಸೇರುತ್ತದೆ.

ಇಲ್ಲಿ ಹಿಮ ಹೆಚ್ಚಾಗಿ ಬೀಳಲು ಕಾರಣ ಎತ್ತರವಲ್ಲ. 700 ಮೀಟರ್ ಎತ್ತರ ಅಷ್ಟೇನೂ ದೊಡ್ಡದಲ್ಲ. ಚಳಿಗಾಲದಲ್ಲಿ ಸೈಬೀರಿಯಾದಿಂದ ಬೀಸುವ ಶುಷ್ಕ ಶೀತಗಾಳಿಯು ಜಪಾನ್ ಸಮುದ್ರವನ್ನು ದಾಟುತ್ತದೆ. ಆ ಸಮುದ್ರದಲ್ಲಿ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹ ಹರಿಯುವುದರಿಂದ, ಗಾಳಿ ದಾರಿಯುದ್ದಕ್ಕೂ ಅಪಾರ ತೇವಾಂಶವನ್ನು ಹೀರಿಕೊಳ್ಳುತ್ತದೆ. ತೇವಗೊಂಡ ಮೋಡಗಳು ಓಉ ಶ್ರೇಣಿಗೆ ಬಡಿದು ಮೇಲೇರಿದಾಗ ಆ ತೇವಾಂಶವೆಲ್ಲ ಹಿಮವಾಗಿ ಸುರಿಯುತ್ತದೆ. ಪಶ್ಚಿಮದ ಇಳಿಜಾರಿನಲ್ಲಿ ಹಿಮ ಮನುಷ್ಯನ ಎತ್ತರವನ್ನು ಮೀರಿ ಸಂಗ್ರಹವಾದರೆ, ಶ್ರೇಣಿಯ ಪೂರ್ವಕ್ಕೆ ಪೆಸಿಫಿಕ್ ಕರಾವಳಿಯಲ್ಲಿ ಅದೇ ದಿನಗಳಲ್ಲಿ ಬಿಸಿಲು ಇರುವುದುಂಟು. ಪಶ್ಚಿಮ ಘಟ್ಟಗಳು ನೈಋತ್ಯ ಮಾರುತವನ್ನು ತಡೆದು ಆಗುಂಬೆಯ ಕಡೆ ಮಳೆ ಸುರಿಸಿ, ಬಯಲುಸೀಮೆಯನ್ನು ಒಣಗಿಸುವ ಕ್ರಿಯೆಯೂ ಇದೇ ಬಗೆಯದು. ಇಲ್ಲಿ ಮಳೆಯ ಸ್ಥಾನದಲ್ಲಿ ಹಿಮವಿದೆ.

ನೀರಿನ ಗುಣ ಮತ್ತು ಬಣ್ಣ

ಜಪಾನಿನಲ್ಲಿ 1948ರ ಒನ್ಸೆನ್ ಕಾಯಿದೆಯ ಪ್ರಕಾರ, ನೆಲದಿಂದ ಹೊರಬರುವ ನೀರಿನ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಪಟ್ಟಿ ಮಾಡಲಾದ 19 ಪದಾರ್ಥಗಳಲ್ಲಿ ಯಾವುದಾದರೂ ಒಂದು ನಿಗದಿತ ಪ್ರಮಾಣದಲ್ಲಿದ್ದರೆ, ಅದನ್ನು ಒನ್ಸೆನ್ ಎನ್ನಬಹುದು. ಅಂದರೆ ಕಾನೂನಿನ ದೃಷ್ಟಿಯಲ್ಲಿ ತಣ್ಣನೆಯ ಒನ್ಸೆನ್ ಕೂಡ ಸಾಧ್ಯ. ನ್ಯೂತೋದ ಬುಗ್ಗೆಗಳು ಎರಡೂ ಷರತ್ತುಗಳನ್ನು ಸುಲಭವಾಗಿ ಪೂರೈಸುತ್ತವೆ. ಇವುಗಳಲ್ಲಿ ಹಲವು ಗಂಧಕಯುಕ್ತ ಬುಗ್ಗೆಗಳು.

ಗಂಧಕದ ನೀರು ನೆಲದಿಂದ ಹೊರಬರುವಾಗ ಬಹುತೇಕ ತಿಳಿಯಾಗಿಯೇ ಇರುತ್ತದೆ. ಅದರಲ್ಲಿ ಕರಗಿರುವ ಹೈಡ್ರೋಜನ್ ಸಲ್ಫೈಡ್ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಗಂಧಕದ ಅತಿಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ. ನೀರಿನಲ್ಲಿ ತೇಲುವ ಈ ಕಣಗಳು ಬೆಳಕನ್ನು ಚದುರಿಸುವುದರಿಂದ ಕೊಳ ಹಾಲಿನಂತೆ ಕಾಣುತ್ತದೆ. ಕಣಗಳ ಗಾತ್ರಕ್ಕೆ ತಕ್ಕಂತೆ ಅದೇ ಕೊಳ ಒಂದು ದಿನ ನೀಲಿ ಛಾಯೆಯಿಂದ ಕೂಡಿದ್ದು, ಇನ್ನೊಂದು ದಿನ ಅಚ್ಚ ಬಿಳಿಯಾಗಿರಬಹುದು. ಗಂಧಕದೊಂದಿಗೆ ಕಬ್ಬಿಣವೂ ಸೇರಿದರೆ ಕಪ್ಪು ಕಬ್ಬಿಣ ಸಲ್ಫೈಡ್ ಉಂಟಾಗಿ ನೀರು ಬೂದು ಬಣ್ಣಕ್ಕೆ ತಿರುಗುತ್ತದೆ. ಗಂಧಕ ಕಡಿಮೆಯಿದ್ದು ಕಬ್ಬಿಣ ಮಾತ್ರ ಹೆಚ್ಚಿರುವ ನೀರು ಗಾಳಿಗೆ ತುಕ್ಕು ಹಿಡಿದಂತೆ ಕಂದಾಗುತ್ತದೆ. ಬೆಳ್ಳಿಯ ಆಭರಣಗಳು ಗಂಧಕದ ನೀರಿನಲ್ಲಿ, ಅದರ ಹಬೆಯಲ್ಲಿ ಕೂಡ, ಕೆಲವೇ ಸಮಯದಲ್ಲಿ ಕಪ್ಪಾಗುತ್ತವೆ. ಆದ್ದರಿಂದ ಕಾಲುಂಗುರ, ಗೆಜ್ಜೆ, ಸರ ಮುಂತಾದವನ್ನು ಕೋಣೆಯಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು.

ಇತಿಹಾಸ

ಏಳು ವಸತಿಗೃಹಗಳಲ್ಲಿ ಅತ್ಯಂತ ಹಳೆಯದು ತ್ಸುರುನೊಯು. ಅಕಿತಾ ಸಂಸ್ಥಾನದ ಎರಡನೆಯ ಅಧಿಪತಿ ಸತಾಕೆ ಯೋಶಿತಾಕಾ 1638ರಲ್ಲಿ ಚಿಕಿತ್ಸೆಗಾಗಿ ಇಲ್ಲಿಗೆ ಬಂದು ತಂಗಿದ್ದನೆಂದು ಹೇಳಲಾಗುತ್ತದೆ. ಅಧಿಪತಿಯ ಕಾವಲುಗಾರರು ಉಳಿದುಕೊಳ್ಳುತ್ತಿದ್ದರೆನ್ನಲಾದ, ಹುಲ್ಲು ಹೊದಿಸಿದ ಉದ್ದನೆಯ ಮನೆ ‘ಹೊಂಜಿನ್’ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯ ಜನರಿಗಾಗಿ ಇಲ್ಲಿ ವಸತಿ ವ್ಯವಸ್ಥೆ ಆರಂಭವಾದದ್ದು ಗೆನ್ರೋಕು ಕಾಲದಲ್ಲಿ (1688–1704). ‘ತ್ಸುರು’ ಎಂದರೆ ಕ್ರೌಂಚ ಪಕ್ಷಿ. ಗಾಯಗೊಂಡ ಕ್ರೌಂಚವೊಂದು ಈ ಬುಗ್ಗೆಯಲ್ಲಿ ತನ್ನ ಗಾಯವನ್ನು ಮಾಯಿಸಿಕೊಳ್ಳುತ್ತಿದ್ದುದನ್ನು ಕಾನ್ಸುಕೆ ಎಂಬ ಬೇಟೆಗಾರ ಕಂಡನೆಂಬ ಐತಿಹ್ಯದಿಂದ ಈ ಹೆಸರು ಬಂದಿದೆ. ಗಾಯಗೊಂಡ ಪ್ರಾಣಿಯೊಂದು ಬುಗ್ಗೆಯನ್ನು ತೋರಿಸಿಕೊಟ್ಟ ಕಥೆ ಜಪಾನಿನ ಹಲವು ಒನ್ಸೆನ್‌ಗಳಿಗಿದೆ. ಬೇರೆಡೆ ಅದು ಜಿಂಕೆಯೋ ಬೆಳ್ಳಕ್ಕಿಯೋ ಆಗಿರುತ್ತದೆ.

ಈ ಬುಗ್ಗೆಗಳು ಮೂಲತಃ ಪ್ರವಾಸದ ತಾಣಗಳಾಗಿರಲಿಲ್ಲ. ‘ತೋಜಿ’ ಎಂಬ ದೀರ್ಘಕಾಲದ ಸ್ನಾನಚಿಕಿತ್ಸೆಗಾಗಿ ಜನರು ಇಲ್ಲಿಗೆ ಬರುತ್ತಿದ್ದರು. ಏಳು ದಿನಗಳ ವಾಸ್ತವ್ಯವನ್ನು ಒಂದು ಸುತ್ತು ಎಂದು ಲೆಕ್ಕಹಾಕುವುದು ತೋಜಿಯ ರೂಢಿ. ಮೂರು ಸುತ್ತು, ಎಂದರೆ ಮೂರು ವಾರ, ಪೂರ್ಣ ಚಿಕಿತ್ಸೆ ಎನಿಸುತ್ತಿತ್ತು. ಭತ್ತದ ನಾಟಿ ಅಥವಾ ಕೊಯ್ಲು ಮುಗಿಸಿದ ರೈತರು ಅಕ್ಕಿ, ಮಿಸೋ, ಉಪ್ಪಿನಕಾಯಿಗಳನ್ನು ಹೊತ್ತು ತಂದು, ತಾವೇ ಅಡುಗೆ ಮಾಡಿಕೊಂಡು, ದಿನಕ್ಕೆ ಹಲವು ಬಾರಿ ಮಿಂದು ಬೆನ್ನು–ಮಂಡಿಗಳ ನೋವನ್ನು ಕಳೆದುಕೊಳ್ಳುತ್ತಿದ್ದರು. ಅಡುಗೆಮನೆ ಹಂಚಿಕೊಳ್ಳುವ ಇಂತಹ ಅಗ್ಗದ ಕೋಣೆಗಳು ಈ ಪ್ರದೇಶದಲ್ಲಿ ಸಂಪೂರ್ಣವಾಗಿ ಮರೆಯಾಗಿಲ್ಲವಾದರೂ, ಇಂದಿನ ಅತಿಥಿಗಳಲ್ಲಿ ಹೆಚ್ಚಿನವರು ಒಂದೆರಡು ರಾತ್ರಿ ತಂಗುವವರೇ. 1997ರ ಮಾರ್ಚ್‌ನಲ್ಲಿ ಅಕಿತಾ ಶಿಂಕನ್ಸೆನ್ ರೈಲುಮಾರ್ಗ ಆರಂಭವಾದ ಮೇಲೆ ಟೋಕಿಯೋದಿಂದ ವಾರಾಂತ್ಯಕ್ಕೆ ಬಂದು ಹೋಗುವುದು ಸಾಧ್ಯವಾಯಿತು.

ವಸತಿಗೃಹಗಳು

ತ್ಸುರುನೊಯು ಉಳಿದ ಆರರಿಂದ ಸ್ವಲ್ಪ ದೂರದ ಬೇರೊಂದು ಕಣಿವೆಯಲ್ಲಿದೆ. ಸುಮಾರು 50 ಮೀಟರ್ ತ್ರಿಜ್ಯದ ಜಾಗದಲ್ಲಿ ಗುಣದಲ್ಲಿ ಭಿನ್ನವಾದ ನಾಲ್ಕು ಬುಗ್ಗೆಗಳು (ಶಿರೊಯು, ಕುರೊಯು, ನಾಕಾನೊಯು ಮತ್ತು ತಾಕಿನೊಯು) ಇರುವುದು ಇದರ ವೈಶಿಷ್ಟ್ಯ. ಇದರ ಬಿಳಿನೀರಿನ ಬಯಲು ಕೊಳಕ್ಕೆ ಕೊಳವೆಯಿಂದ ನೀರು ಹರಿಸುವುದಿಲ್ಲ. ತಳದ ಜಲ್ಲಿಕಲ್ಲುಗಳ ನಡುವಿನಿಂದಲೇ ಬಿಸಿನೀರು ಗುಳ್ಳೆಗಳೊಡನೆ ಉಕ್ಕುತ್ತದೆ. ನ್ಯೂತೋ ಹೆಸರಿನೊಂದಿಗೆ ಪತ್ರಿಕೆಗಳಲ್ಲಿ ಪ್ರಕಟವಾಗುವ ಚಿತ್ರಗಳಲ್ಲಿ ಬಹುಪಾಲು ಈ ಕೊಳದವೇ ಆಗಿರುವುದರಿಂದ, ಉಳಿದ ಆರು ಕಡೆಗಳ ಬಗ್ಗೆ ತಿಳಿವಳಿಕೆ ಕಡಿಮೆ. ಅದು ನ್ಯಾಯವಲ್ಲ.

ಸೆಂದಾತ್ಸು ಹೊಳೆಯ ದಂಡೆಯಲ್ಲಿರುವ ತಾಎನೊಯುವಿನಲ್ಲಿ ‘ಚಿನ್ನದ ನೀರು’ ಹಾಗೂ ‘ಬೆಳ್ಳಿಯ ನೀರು’ ಎಂಬ ಎರಡು ಬಗೆಗಳಿವೆ. ಕಬ್ಬಿಣದಿಂದ ಕಂದಾದ ಮೊದಲನೆಯದರ ಬಯಲು ಕೊಳದಿಂದ ಜಲಪಾತವೊಂದು ಕಾಣುತ್ತದೆ. ಓಗಮಾ ವಸತಿಗೃಹದ ಕಟ್ಟಡ ಹಿಂದೆ ಮರದಿಂದ ಕಟ್ಟಿದ ಶಾಲೆಯಾಗಿತ್ತು. ಅದನ್ನು ಬಿಚ್ಚಿ ಇಲ್ಲಿಗೆ ತಂದು ಮರುಜೋಡಿಸಲಾಗಿದೆ. ಗನಿಬಾ ಎಂಬ ಹೆಸರು ಸುತ್ತಲಿನ ತೊರೆಗಳಲ್ಲಿ ಹೇರಳವಾಗಿದ್ದ ಏಡಿಗಳಿಂದ ಬಂದಿದೆ. ಅದರ ಬಯಲು ಕೊಳ ಮುಖ್ಯ ಕಟ್ಟಡದಿಂದ ಕಾಡಿನೊಳಗೆ ಕೆಲವು ಹೆಜ್ಜೆ ನಡೆದು ಹೋಗುವಷ್ಟು ದೂರದಲ್ಲಿದೆ. ‘ಬೆಟ್ಟದ ಔಷಧಿಸ್ನಾನ’ ಎಂದು ಖ್ಯಾತವಾದ ಮಗೊರೊಕು ಕಾಡುಗುಡಿಸಲಿನ ರೂಪವನ್ನು ಉಳಿಸಿಕೊಂಡಿದೆ. ಕಣಿವೆಯ ಮೇಲ್ತುದಿಯಲ್ಲಿರುವ ಕುರೊಯುವಿನ ಸುತ್ತ ನೆಲದಿಂದ ಹಬೆ ಏಳುತ್ತಲೇ ಇರುತ್ತದೆ. ಅದರ ದಾರಿ ಹಿಮದಿಂದ ಮುಚ್ಚಿಹೋಗುವುದರಿಂದ ನವೆಂಬರ್ ಮಧ್ಯಭಾಗದಿಂದ ಏಪ್ರಿಲ್‌ವರೆಗೆ ಅದನ್ನು ಮುಚ್ಚಲಾಗುತ್ತದೆ. ಏಳನೆಯದಾದ ಕ್ಯೂಕಮುರಾ ಆಧುನಿಕ ಕಟ್ಟಡ. ಹಳೆಯ ಮರದ ಮನೆಗಳ ಚಳಿ ತಡೆಯಲಾರದವರಿಗೆ, ಮಕ್ಕಳು ಹಾಗೂ ವೃದ್ಧರೊಂದಿಗೆ ಬರುವವರಿಗೆ ಇದೇ ಹೆಚ್ಚು ಅನುಕೂಲಕರ.

ಯಾವುದಾದರೂ ಒಂದು ವಸತಿಗೃಹದಲ್ಲಿ ರಾತ್ರಿ ತಂಗುವವರು ‘ಯುಮೆಗುರಿ–ಚೋ’ ಎಂಬ ಕಿರುಪುಸ್ತಿಕೆಯನ್ನು ಕೊಳ್ಳಬಹುದು. ಅದರಿಂದ ಏಳೂ ಕಡೆಗಳಲ್ಲಿ ಒಂದೊಂದು ಬಾರಿ ಸ್ನಾನ ಮಾಡುವ ಅವಕಾಶ ದೊರೆಯುತ್ತದೆ. ಪುಸ್ತಿಕೆ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಕುರೊಯು ಮುಚ್ಚಿರುವ ಮಾರ್ಚ್ ತಿಂಗಳಿನಲ್ಲಿ ಬಂದವರು ಏಳನ್ನೂ ಪೂರ್ಣಗೊಳಿಸಲಾರರು.

ವಸಂತದ ಆರಂಭದಲ್ಲಿ

ಮಾರ್ಚ್ ಮೊದಲ ಭಾಗದಲ್ಲಿ ಹೊಸ ಹಿಮ ಇನ್ನೂ ಬೀಳುತ್ತಿರುತ್ತದೆ. ತಿಂಗಳು ಕಳೆದಂತೆ ಹಗಲಿನಲ್ಲಿ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಕ್ರಿಯೆ ಪುನರಾವರ್ತನೆಗೊಂಡು, ಹಿಮ ತನ್ನ ಹಗುರತನವನ್ನು ಕಳೆದುಕೊಂಡು ಒರಟು ಸಕ್ಕರೆಯಂತಹ ಹರಳುಗಳಾಗುತ್ತದೆ. ಬೆಳಗಿನ ಜಾವ ಅದರ ಮೇಲ್ಪದರ ಎಷ್ಟು ಗಟ್ಟಿಯಾಗಿರುತ್ತದೆಂದರೆ ಕಾಲು ಹೂತುಹೋಗದೆ ನಡೆಯಬಹುದು. ‘ಕಾತಾಯುಕಿ’, ಎಂದರೆ ಗಟ್ಟಿಹಿಮ, ಎಂದು ಕರೆಯಲಾಗುವ ಈ ಸ್ಥಿತಿ ಬಿಸಿಲೇರುವವರೆಗೆ ಮಾತ್ರ ಉಳಿಯುತ್ತದೆ. ಮಧ್ಯಾಹ್ನದ ವೇಳೆಗೆ ಅದೇ ದಾರಿಯಲ್ಲಿ ತೊಡೆಯವರೆಗೆ ಮುಳುಗುವುದುಂಟು.

ಏಪ್ರಿಲ್‌ನಲ್ಲಿ ಬೀಚ್ ಕಾಡಿನಲ್ಲಿ ಕಾಣುವ ವಿಶಿಷ್ಟ ದೃಶ್ಯ ಮರದ ಬುಡಗಳ ಸುತ್ತ ಉಂಟಾಗುವ ವೃತ್ತಾಕಾರದ ಕುಳಿಗಳು. ಕಪ್ಪುಛಾಯೆಯ ಕಾಂಡ ಬಿಸಿಲನ್ನು ಹೀರಿಕೊಂಡು ಶಾಖವನ್ನು ಹೊರಸೂಸುವುದರಿಂದ, ಸುತ್ತಲಿನ ಹಿಮ ಉಳಿದೆಡೆಗಿಂತ ಮೊದಲು ಕರಗುತ್ತದೆ. ಕಾಡಿನುದ್ದಕ್ಕೂ ಪ್ರತಿ ಮರವೂ ತನ್ನದೊಂದು ಬಾವಿಯಲ್ಲಿ ನಿಂತಂತೆ ಕಾಣುತ್ತದೆ. ನೆಲದ ಮೇಲೆ ಹಿಮವಿರುವಾಗಲೇ ಬೀಚ್ ಮರಗಳು ಮೇ ತಿಂಗಳ ಆರಂಭದ ವೇಳೆಗೆ ಚಿಗುರತೊಡಗುತ್ತವೆ.

ಹಿಮ ಕರಗಿದ ಮೊದಲ ಅಂಚುಗಳಲ್ಲಿ ಮೂಡುವ ಸಸ್ಯವೆಂದರೆ ‘ಫುಕಿ’ಯ ಹೂಮೊಗ್ಗು. ಅಕಿತಾದ ಆಡುಮಾತಿನಲ್ಲಿ ಇದಕ್ಕೆ ‘ಬಕ್ಕೆ’ ಎನ್ನುತ್ತಾರೆ. ಇದರ ಕಹಿ ಅಲ್ಲಿನವರಿಗೆ ವಸಂತದ ಮೊದಲ ರುಚಿ. ತಗ್ಗಿನ ಸಾಶಿಮಾಕಿ ಜೌಗಿನಲ್ಲಿ ಏಪ್ರಿಲ್ ಮಧ್ಯಭಾಗದ ಹೊತ್ತಿಗೆ ಮಿಜುಬಾಶೋ ಎಂಬ ಗಿಡದ ಬಿಳಿ ಹೊದಿಕೆಯ ಹೂಗುಚ್ಛಗಳು ಅರಳುತ್ತವೆ. ಹೀಗೆ ಒಂದೇ ದಿನದ ಪ್ರಯಾಣದಲ್ಲಿ ತಗ್ಗಿನಲ್ಲಿ ಹೂವನ್ನೂ, 20–30 ಕಿಲೋಮೀಟರ್ ಮೇಲೆ ಹಿಮದ ಗೋಡೆಯನ್ನೂ ಕಾಣಬಹುದು. ಈ ಬಗೆಯ ದೃಶ್ಯವನ್ನು ಬಯಸುವವರಿಗೆ ಏಪ್ರಿಲ್ ಎರಡನೆಯ ಭಾಗ ಸೂಕ್ತ. ಮುಟ್ಟದ ಬಿಳಿಹಿಮವನ್ನೇ ಬಯಸುವವರು ಮಾರ್ಚ್ ಮಧ್ಯಭಾಗಕ್ಕಿಂತ ಮೊದಲು ಬರಬೇಕು. ಇವೆರಡರ ನಡುವಿನ ಕೆಲವು ವಾರಗಳಲ್ಲಿ ಹಿಮ ಕೊಳೆಯಾಗಿ, ದಾರಿ ಕೆಸರಾಗಿ, ಹೂವೂ ಬಂದಿರುವುದಿಲ್ಲ. ಆದರೆ ಜನಸಂದಣಿ ಕಡಿಮೆಯಿರುವುದೂ ಆಗಲೇ.

ಅಪಾಯಗಳು

ಈ ಪ್ರದೇಶದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲದ ಅಪಾಯವನ್ನು ಲಘುವಾಗಿ ಪರಿಗಣಿಸುವಂತಿಲ್ಲ. ಕೊಳೆತ ಮೊಟ್ಟೆಯ ವಾಸನೆಯುಳ್ಳ ಈ ಅನಿಲ ಗಾಳಿಗಿಂತ ಸುಮಾರು 1.2 ಪಟ್ಟು ಭಾರ. ಗಾಳಿ ಬೀಸದ ದಿನಗಳಲ್ಲಿ ಅದು ಚದುರಿಹೋಗದೆ ತಗ್ಗುಗಳಲ್ಲಿ ನೀರಿನಂತೆ ನಿಲ್ಲುತ್ತದೆ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುವ ಈ ವಾಸನೆ, ಪ್ರಮಾಣ ದಶಲಕ್ಷಕ್ಕೆ 100 ಭಾಗದಷ್ಟಾದಾಗ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ಆದ್ದರಿಂದ ವಾಸನೆ ನಿಂತುಹೋದರೆ ಅನಿಲ ಹೋಯಿತೆಂದು ತಿಳಿಯುವುದು ಮಾರಕ ತಪ್ಪು. ಇನ್ನೂ ಹಲವು ಪಟ್ಟು ಹೆಚ್ಚಿದಾಗ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಹಿಮ ಈ ಅಪಾಯವನ್ನು ಇಮ್ಮಡಿಗೊಳಿಸುತ್ತದೆ. ಬಿಸಿ ಅನಿಲ ಹೊರಬರುವ ನೆಲದ ರಂಧ್ರಗಳ ಮೇಲೆ ಹಿಮ ಬಿದ್ದಾಗ, ಅದು ಕೆಳಗಿನಿಂದ ಕರಗಿ ಪೊಳ್ಳಾಗುತ್ತದೆ. ಮೇಲಿನ ಪದರ ಮಾತ್ರ ಎಂದಿನಂತೆ ಸಮತಟ್ಟಾಗಿ ಕಾಣುತ್ತದೆ. ಪೊಳ್ಳಿನಲ್ಲಿ ಅನಿಲ ಶೇಖರಗೊಳ್ಳುತ್ತದೆ. ವಸಂತದ ಆರಂಭದಲ್ಲಿ ಮೇಲ್ಪದರ ತೆಳುವಾಗಿ ಕುಸಿಯುವ ಸಂಭವವಿರುತ್ತದೆ. 2005ರ ಡಿಸೆಂಬರ್ 29ರಂದು ಇದೇ ಪ್ರಾಂತ್ಯದ ಯುಜಾವಾ ನಗರದ ದೊರೊಯು ಒನ್ಸೆನ್‌ನಲ್ಲಿ ಹಿಮದ ತಗ್ಗಿನಲ್ಲಿದ್ದ ಅನಿಲದಿಂದ ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. 2015ರ ಮಾರ್ಚ್ 18ರಂದು ನ್ಯೂತೋ ಪ್ರದೇಶದ ಬಿಸಿನೀರಿನ ಮೂಲವೊಂದರ ಬಳಿ, ನೀರು ಸರಬರಾಜಿನ ನಿರ್ವಹಣೆಗಾಗಿ ಹೋಗಿದ್ದ ಮೂವರು ಪುರುಷರು ಹೈಡ್ರೋಜನ್ ಸಲ್ಫೈಡ್‌ಗೆ ಬಲಿಯಾದರು; ಅವರಲ್ಲಿ ನಗರಾಡಳಿತದ ನೌಕರರೊಬ್ಬರೂ ಇದ್ದರು. ಎರಡನೆಯ ಘಟನೆಯಲ್ಲಿ ಸತ್ತವರು ದಾರಿ ತಪ್ಪಿದ ಪ್ರವಾಸಿಗರಲ್ಲ, ಬುಗ್ಗೆಯ ಕೆಲಸಕ್ಕೆಂದೇ ಬಂದವರು.

ಇಂತಹ ಅವಘಡಗಳಲ್ಲಿ ಮೊದಲು ಬಿದ್ದವರನ್ನು ಎತ್ತಲು ಕೂಡಲೇ ಇಳಿದವರೂ ಸಾಯುವುದು ಮತ್ತೆ ಮತ್ತೆ ಕಂಡುಬಂದಿದೆ. ಉಸಿರಾಟದ ಉಪಕರಣವಿಲ್ಲದೆ ತಗ್ಗಿಗೆ ಇಳಿಯದೆ, ಮೇಲಿನ ತೆರೆದ ಜಾಗಕ್ಕೆ ಸರಿದು ಸಹಾಯ ಕರೆಯುವುದೊಂದೇ ಸರಿಯಾದ ಕ್ರಮ. ಜಪಾನಿನಲ್ಲಿ ಅಗ್ನಿಶಾಮಕ ಹಾಗೂ ಆಂಬ್ಯುಲೆನ್ಸ್ ಸೇವೆಯ ಸಂಖ್ಯೆ 119. ಹಗ್ಗ ಕಟ್ಟಿದ, ಸೂಚನಾಫಲಕವಿರುವ ಜಾಗಗಳನ್ನು ದಾಟಬಾರದು. ಫಲಕವೇ ಹಿಮದಲ್ಲಿ ಮುಳುಗಿರಬಹುದಾದ್ದರಿಂದ, ಗುರುತಿಸಿದ ಹಾದಿಯನ್ನು ಬಿಟ್ಟು ನಡೆಯದಿರುವುದು ಕ್ಷೇಮ. ಒಳಾಂಗಣದ ಗಂಧಕದ ಸ್ನಾನಗೃಹಗಳಲ್ಲಿ ಗೋಡೆಯ ತಳಭಾಗದಲ್ಲಿಯೂ ಗಾಳಿಕಿಂಡಿಗಳನ್ನು ಬಿಟ್ಟಿರುತ್ತಾರೆ. ಚಳಿ ಬರುತ್ತದೆಂದು ಅವನ್ನಾಗಲಿ ಕಿಟಕಿಗಳನ್ನಾಗಲಿ ಮುಚ್ಚಕೂಡದು.

ಎರಡನೆಯ ಅಪಾಯ ಹಿಮಕುಸಿತ. ಚಳಿಗಾಲದಲ್ಲಿ ಮೇಲಿನ ಹೊಸ ಪದರ ಮಾತ್ರ ಜಾರಿದರೆ, ವಸಂತದಲ್ಲಿ ಕರಗಿದ ನೀರು ನೆಲದವರೆಗೂ ಇಳಿದು ಇಡೀ ಹಿಮರಾಶಿಯೇ ನೆಲದಿಂದ ಕಳಚಿ ಜಾರುತ್ತದೆ. 2012ರ ಫೆಬ್ರವರಿ 1ರಂದು ಸೆಂಬೊಕುವಿನ ತಮಗಾವಾ ಒನ್ಸೆನ್‌ನಲ್ಲಿ, ಬಿಸಿಬಂಡೆಗಳ ಮೇಲೆ ಮಲಗಿ ಶಾಖ ಪಡೆಯುವವರಿಗಾಗಿ ಹಾಕಿದ್ದ ಡೇರೆಗಳ ಮೇಲೆ ಹಿಮ ಕುಸಿದು ಮೂವರು ಮೃತಪಟ್ಟರು. ಮನೆಗಳ ಇಳಿಜಾರು ಮಾಡಿನಿಂದ ಬೀಳುವ ಹಿಮವೂ ಗಟ್ಟಿಯಾಗಿ, ಭಾರವಾಗಿ ಇರುವುದರಿಂದ, ಸೂರಿನ ಕೆಳಗೆ ನಿಂತು ಚಿತ್ರ ತೆಗೆಯುವುದು ಅಪಾಯಕರ. ಏಪ್ರಿಲ್‌ನಿಂದ ಏಷ್ಯಾದ ಕಪ್ಪು ಕರಡಿಗಳು ಚಳಿನಿದ್ರೆಯಿಂದ ಏಳುತ್ತವೆ. 2023ರಲ್ಲಿ ಜಪಾನಿನ ಪ್ರಾಂತ್ಯಗಳ ಪೈಕಿ ಕರಡಿ ದಾಳಿಗೆ ಅತಿ ಹೆಚ್ಚು ಜನರು ಗಾಯಗೊಂಡದ್ದು ಅಕಿತಾದಲ್ಲಿ.

ಸ್ನಾನದ ಪದ್ಧತಿ

ಕೊಳಕ್ಕೆ ಇಳಿಯುವ ಮೊದಲು ಮೈಯನ್ನು ಪೂರ್ತಿಯಾಗಿ ತೊಳೆದುಕೊಳ್ಳಬೇಕು. ಕೊಳ ಇರುವುದು ಮೈ ಕಾಯಿಸಿಕೊಳ್ಳಲು. ಅದರಲ್ಲಿ ಸೋಪು ಬಳಸುವಂತಿಲ್ಲ, ಬಟ್ಟೆ ಅದ್ದುವಂತಿಲ್ಲ, ಉದ್ದ ಕೂದಲನ್ನು ಮೇಲಕ್ಕೆ ಕಟ್ಟಬೇಕು. ಈಜುಡುಗೆ ಸಾಮಾನ್ಯವಾಗಿ ನಿಷಿದ್ಧ. ಹೆಚ್ಚಿನ ಒಳಾಂಗಣ ಸ್ನಾನಗೃಹಗಳು ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿವೆ. ತ್ಸುರುನೊಯುವಿನ ದೊಡ್ಡ ಬಯಲು ಕೊಳ ಸೇರಿದಂತೆ ಕೆಲವು ಕಡೆ ‘ಕೊನ್‌ಯೋಕು’ ಎಂಬ ಮಿಶ್ರಸ್ನಾನದ ಹಳೆಯ ಪದ್ಧತಿ ಉಳಿದಿದೆ. ಬಿಳಿನೀರು ದೇಹವನ್ನು ಮರೆಮಾಡುವುದು ಈ ಪದ್ಧತಿ ಇಲ್ಲಿ ಬಾಳಿದ್ದಕ್ಕೆ ಒಂದು ಕಾರಣವಿರಬಹುದು. ಮಹಿಳೆಯರಿಗೆ ಮಾತ್ರ ಮೀಸಲಾದ ಬಯಲು ಕೊಳಗಳೂ ಇವೆ. ಸ್ನಾನದ ಜಾಗದಲ್ಲಿ ಛಾಯಾಚಿತ್ರ ತೆಗೆಯಬಾರದು.

ಹೊರಗಿನ ಚಳಿಯಿಂದ ಬಿಸಿನೀರಿಗೆ ಒಮ್ಮೆಲೇ ಇಳಿದರೆ ರಕ್ತದೊತ್ತಡ ಹಠಾತ್ತನೆ ಏರಿಳಿದು ತಲೆಸುತ್ತು, ಮೂರ್ಛೆ ಉಂಟಾಗಬಹುದು. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಇದು ಪ್ರಾಣಾಪಾಯ ತರಬಹುದು. ಮೊದಲು ಕಾಲು–ಕೈಗಳ ಮೇಲೆ ಬಿಸಿನೀರು ಸುರಿದುಕೊಂಡು ದೇಹವನ್ನು ಒಗ್ಗಿಸುವ ‘ಕಾಕೆಯು’ ಎಂಬ ಕ್ರಮವನ್ನು ಬಿಡಬಾರದು. ಹತ್ತು ನಿಮಿಷ ಕುಳಿತು ಹೊರಬಂದು ವಿರಮಿಸುವುದು ಸರಿಯಾದ ರೀತಿ. ಮದ್ಯ ಸೇವಿಸಿ ಇಳಿಯಕೂಡದು. ಒಂದೇ ದಿನದಲ್ಲಿ ಆರೇಳು ಕೊಳಗಳನ್ನು ಮುಗಿಸುವ ಹಟ ಪ್ರವಾಸಿಗರಲ್ಲಿ ಕಾಣುತ್ತದೆ. ಗಂಧಕದ ನೀರು ಚರ್ಮವನ್ನು ಒಣಗಿಸಿ ಉರಿ ಉಂಟುಮಾಡುವುದರಿಂದ ದಿನಕ್ಕೆ ಎರಡು ಮೂರು ಸಾಕು.

ಆಹಾರ

ತ್ಸುರುನೊಯುವಿನ ಪ್ರಸಿದ್ಧ ಊಟ ‘ಯಾಮಾನೊಇಮೊ ನಾಬೆ’. ಕಾಡುಗೆಣಸನ್ನು ತುರಿದು ಅಂಟಾದ ಉಂಡೆಗಳನ್ನು ಮಾಡಿ, ತರಕಾರಿ ಹಾಗೂ ಮಾಂಸದೊಂದಿಗೆ ಮಿಸೋ ಸಾರಿನಲ್ಲಿ ಬೇಯಿಸಿ ಬಿಸಿಯಾಗಿ ಬಡಿಸುತ್ತಾರೆ. ಇವಾನಾ ಎಂಬ ಹೊಳೆಮೀನನ್ನು ಉಪ್ಪು ಸವರಿ, ಕಡ್ಡಿಗೆ ಚುಚ್ಚಿ, ಕೆಂಡದ ಒಲೆಯ ಸುತ್ತ ನಿಲ್ಲಿಸಿ ಸುಡಲಾಗುತ್ತದೆ. ಅಕಿತಾದ ‘ಇಬುರಿಗಕ್ಕೋ’ ಹೊಗೆಯಾಡಿಸಿದ ಮೂಲಂಗಿಯ ಉಪ್ಪಿನಕಾಯಿ. ಬೇರೆಡೆ ಮೂಲಂಗಿಯನ್ನು ಬಿಸಿಲಿನಲ್ಲಿ ಒಣಗಿಸಿ ಹಾಕಿದರೆ, ಬೇಗನೆ ಹಿಮ ಬೀಳುವ ಈ ನಾಡಿನಲ್ಲಿ ಮನೆಯೊಳಗಿನ ಒಲೆಯ ಮೇಲೆ ತೂಗುಹಾಕಿ ಒಣಗಿಸಬೇಕಾಯಿತು. ಆ ಅನಿವಾರ್ಯತೆಯೇ ರುಚಿಯಾಯಿತು. ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೆಂದರೆ, ಮಾಂಸವಿಲ್ಲದ ಸಾರುಗಳಿಗೂ ಸಾಮಾನ್ಯವಾಗಿ ಒಣಮೀನಿನ ‘ದಾಶಿ’ ತಿಳಿಯನ್ನು ಬಳಸುತ್ತಾರೆ. ಕೋಣೆ ಕಾಯ್ದಿರಿಸುವಾಗಲೇ ಇದನ್ನು ಸ್ಪಷ್ಟವಾಗಿ ತಿಳಿಸುವುದು ಅಗತ್ಯ, ಏಕೆಂದರೆ ಸುತ್ತಮುತ್ತ ಬೇರೆ ಉಪಾಹಾರ ಗೃಹಗಳು ವಿರಳ.

ತಲುಪುವ ಮಾರ್ಗ

ಟೋಕಿಯೋದಿಂದ ಅಕಿತಾ ಶಿಂಕನ್ಸೆನ್‌ನ ‘ಕೊಮಾಚಿ’ ರೈಲು ಸುಮಾರು ಮೂರು ಗಂಟೆಗಳಲ್ಲಿ ತಾಜಾವಾಕೊ ನಿಲ್ದಾಣವನ್ನು ತಲುಪುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 50 ನಿಮಿಷಗಳ ಪ್ರಯಾಣ. ತ್ಸುರುನೊಯುವಿಗೆ ಹೋಗುವವರು ದಾರಿಯಲ್ಲಿ ‘ಆರುಪಾ ಕೊಮಾಕುಸಾ’ ಎಂಬಲ್ಲಿ ಇಳಿದು, ಮುಂಚಿತವಾಗಿ ತಿಳಿಸಿದ್ದರೆ, ವಸತಿಗೃಹದ ವಾಹನದಲ್ಲಿ ಮುಂದುವರಿಯಬಹುದು. ಸ್ವಂತ ಅಥವಾ ಬಾಡಿಗೆ ಕಾರಿನಲ್ಲಿ ಬರುವುದಾದರೆ ಹಿಮಕ್ಕೆಂದೇ ತಯಾರಾದ ಚಳಿಗಾಲದ ಟೈರುಗಳು ಅತ್ಯವಶ್ಯ. ಹಿಮದ ರಸ್ತೆಯಲ್ಲಿ ವಾಹನ ಓಡಿಸಿ ರೂಢಿಯಿಲ್ಲದವರಿಗೆ ಬಸ್ಸೇ ಕ್ಷೇಮ. ಸಂಜೆಯ ನಂತರ ಬಸ್ಸುಗಳಿರುವುದಿಲ್ಲ.

ಸುತ್ತಮುತ್ತಲಿನ ಸ್ಥಳಗಳು

ತಾಜಾವಾ ಸರೋವರ 423.4 ಮೀಟರ್ ಆಳವಿದ್ದು, ಜಪಾನಿನ ಅತ್ಯಂತ ಆಳದ ಸರೋವರವಾಗಿದೆ. ಅದರ ತಳ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಈ ಆಳದ ಕಾರಣದಿಂದ ಸುತ್ತೆಲ್ಲ ಹಿಮ ತುಂಬಿದಾಗಲೂ ಸರೋವರ ಹೆಪ್ಪುಗಟ್ಟುವುದಿಲ್ಲ. ದಂಡೆಯಲ್ಲಿ ನಿಂತಿರುವ ಕಂಚಿನ ಪ್ರತಿಮೆ ತಾತ್ಸುಕೊ ಎಂಬ ಯುವತಿಯದು. ಚಿರಯೌವನವನ್ನು ಬೇಡಿ, ಬುಗ್ಗೆಯ ನೀರನ್ನು ಕುಡಿದು ಡ್ರ್ಯಾಗನ್ ಆಗಿ ಮಾರ್ಪಟ್ಟು ಸರೋವರವನ್ನು ಸೇರಿದಳೆಂಬುದು ಅವಳ ಕಥೆ. ಶಿಲ್ಪಿ ಫುನಾಕೋಶಿ ಯಾಸುತಾಕೆ ರಚಿಸಿದ ಈ ಪ್ರತಿಮೆ 1968ರಲ್ಲಿ ಸ್ಥಾಪನೆಯಾಯಿತು.

ಈ ಸರೋವರದ ಇತ್ತೀಚಿನ ಇತಿಹಾಸಕ್ಕೆ ಬಿಸಿನೀರಿನ ಬುಗ್ಗೆಯೊಂದರ ನೇರ ಸಂಬಂಧವಿದೆ. ಉತ್ತರದ ತಮಗಾವಾ ಒನ್ಸೆನ್‌ನಲ್ಲಿ ಒಂದೇ ಮೂಲದಿಂದ ನಿಮಿಷಕ್ಕೆ ಸುಮಾರು 9,000 ಲೀಟರ್ ನೀರು 98 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಉಕ್ಕುತ್ತದೆ. ಅದರ ಪಿಎಚ್ ಮೌಲ್ಯ ಸುಮಾರು 1.2, ಎಂದರೆ ನಿಂಬೆರಸಕ್ಕಿಂತಲೂ ತೀವ್ರ ಆಮ್ಲೀಯ. ಇದು ಸೇರುವ ತಮಗಾವಾ ನದಿಯನ್ನು ರೈತರು ‘ವಿಷದ ನೀರು’ ಎಂದೇ ಕರೆಯುತ್ತಿದ್ದರು. ವಿದ್ಯುತ್ ಉತ್ಪಾದನೆ ಹಾಗೂ ನೀರಾವರಿಗಾಗಿ 1940ರಲ್ಲಿ ಈ ನದಿಯನ್ನು ತಾಜಾವಾ ಸರೋವರಕ್ಕೆ ತಿರುಗಿಸಲಾಯಿತು. ಆಮ್ಲವನ್ನು ಸರೋವರದ ನೀರು ದುರ್ಬಲಗೊಳಿಸುತ್ತದೆಂಬುದು ಯೋಜಕರ ಲೆಕ್ಕಾಚಾರವಾಗಿತ್ತು. ಆದರೆ ಸರೋವರವೇ ಆಮ್ಲೀಯವಾಗಿ ಮೀನುಗಳು ನಾಶವಾದವು. ಜಗತ್ತಿನಲ್ಲಿ ಇಲ್ಲಿ ಮಾತ್ರ ಇದ್ದ ‘ಕುನಿಮಾಸು’ ಎಂಬ ಸಾಲ್ಮನ್ ಜಾತಿಯ ಮೀನು ಅಳಿದುಹೋಯಿತು. ಅದನ್ನೇ ನಂಬಿದ್ದ ಮೀನುಗಾರರ ಬದುಕೂ ಮುಗಿಯಿತು. 1930ರ ದಶಕದಲ್ಲಿ ಅದರ ಮೊಟ್ಟೆಗಳನ್ನು ಬೇರೆ ಸರೋವರಗಳಿಗೆ ಕಳುಹಿಸಲಾಗಿತ್ತು. ಅವುಗಳ ಸಂತತಿ ಯಾಮನಾಶಿ ಪ್ರಾಂತ್ಯದ ಸಾಯ್‌ಕೊ ಸರೋವರದಲ್ಲಿ ಜೀವಂತವಾಗಿರುವುದು 2010ರಲ್ಲಿ ಬೆಳಕಿಗೆ ಬಂತು. ತಮಗಾವಾದ ಆಮ್ಲವನ್ನು ಈಗ ಸುಣ್ಣಕಲ್ಲಿನಿಂದ ತಟಸ್ಥಗೊಳಿಸಲಾಗುತ್ತಿದೆ. ಆದರೂ ಕುನಿಮಾಸು ತನ್ನ ಮೂಲ ಸರೋವರದಲ್ಲಿ ಮತ್ತೆ ನೆಲೆಸುವಷ್ಟು ನೀರು ಇನ್ನೂ ಸುಧಾರಿಸಿಲ್ಲ.

ದಕ್ಷಿಣದ ಕಾಕುನೊದಾತೆ 1620ರಲ್ಲಿ ಯೋಜಿತವಾಗಿ ನಿರ್ಮಾಣವಾದ ಪಟ್ಟಣ. ಸಮುರಾಯ್ ಮನೆತನಗಳ ಕಪ್ಪುಬೇಲಿಯ ಮನೆಗಳ ಸಾಲು ಹಾಗೂ ಅವುಗಳ ಮೇಲೆ ಬಾಗಿದ ಜೋಲುಕೊಂಬೆಯ ಚೆರ್ರಿ ಮರಗಳಿಗೆ ಅದು ಹೆಸರಾಗಿದೆ. ಹಿನೊಕಿನಾಯ್ ನದಿಯ ದಂಡೆಯಲ್ಲಿಯೂ ಸುಮಾರು 2 ಕಿಲೋಮೀಟರ್ ಉದ್ದಕ್ಕೆ ಚೆರ್ರಿ ಮರಗಳಿವೆ. ಏಪ್ರಿಲ್ ಕೊನೆಯಲ್ಲಿ ಇವು ಅರಳುವ ಹೊತ್ತಿಗೆ ನ್ಯೂತೋದ ಕೊಳಗಳ ಸುತ್ತ ಇನ್ನೂ ಹಿಮವಿರುತ್ತದೆ. ಕುರೊಯುವಿನ ದಾರಿಯನ್ನು ಹಿಮ ತೆರವುಗೊಳಿಸಿ ತೆರೆಯುವುದೂ ಸುಮಾರಾಗಿ ಅದೇ ದಿನಗಳಲ್ಲಿ.